ಕಾಲುಬಾಯಿ ಜ್ವರ ಒಂದೇ ಹಸುವಿಗೆ ನಿಂತಿತು: ನನ್ನ ಅನುಭವ

2013ರಲ್ಲಿ ಕಾಲುಬಾಯಿ ಜ್ವರಕ್ಕೆ ನಮ್ಮ ರಾಜ್ಯದಲ್ಲಿ ಸಾವಿರಾರು ದನ ಸತ್ತವು. ಕೋಲಾರದ ಕಡೆ ಖಾಲಿಯಾದ ಕೊಟ್ಟಿಗೆಗಳನ್ನು ಕಣ್ಣಾರೆ ನೋಡಿದವನು ನಾನು. ಹಾಗಾಗಿ ನಮ್ಮ ಗೌರಿ ಒಂದು ಸಂಜೆ ಬೂಸಾ ಮುಟ್ಟದೆ ಬಾಯಿ ಚಪ್ಪರಿಸುತ್ತಾ ನಿಂತಾಗ, ಬೆಳಗಾಗಲಿ ಅಂತ ಕಾಯಲಿಲ್ಲ.

ಬಾಯಿ ಬಿಡಿಸಿ ಟಾರ್ಚ್ ಹಾಕಿದೆ. ನಾಲಿಗೆ ಮೇಲೆ ಬಿಳಿಚಿಕೊಂಡ ಬೊಕ್ಕೆ. ಬೆರಳು ತಾಗಿದ್ದೇ ತಡ ಸಿಪ್ಪೆ ಎದ್ದು ಬಂತು, ಅಡಿಯಲ್ಲಿ ಕೆಂಪು ಮಾಂಸ. ಹಿಂಗಾಲು ಒದರುತ್ತಿತ್ತು. ಗೊರಸಿನ ಸಂದಿಯಲ್ಲೂ ಬೊಕ್ಕೆ.

ಆಗಲೇ ಗೌರಿಯನ್ನು ಹಿತ್ತಿಲಿನ ಹಲಸಿನ ಮರದ ಕೆಳಗೆ ಕಟ್ಟಿದೆ. ಬೊಕ್ಕೆ ಕಾಣುವ ಮೊದಲೇ ಹಾಲು, ಜೊಲ್ಲಿನಲ್ಲಿ ವೈರಸ್ ಹೊರಗೆ ಬರುತ್ತಿರುತ್ತದೆ. ಒಂದೇ ತೊಟ್ಟಿಯ ನೀರು ಸಾಕು, ಉಸಿರಿನ ಗಾಳಿಯೂ ಸಾಕು. ನಮ್ಮ ಚಪ್ಪಲಿ, ಕೈ, ಹಾಲಿನ ಕ್ಯಾನು, ಹುಲ್ಲು ತರುವ ಗಾಡಿಯ ಚಕ್ರ ಎಲ್ಲವೂ ಅದನ್ನು ಹೊತ್ತು ತಿರುಗುತ್ತವೆ. ರೋಗಕ್ಕೆ ನಾವೇ ವಾಹನ, ಅಲ್ವಾ?

ಅದಕ್ಕೇ ಕೆಲಸದ ಸರದಿ ಬದಲಾಯಿಸಿದೆ. ಮೊದಲು ಆರೋಗ್ಯದ ಹಸುಗಳು, ಕೊನೆಗೆ ಗೌರಿ. ಅವಳಿಗೆ ಬೇರೆ ಬಕೆಟ್, ಬೇರೆ ಹಗ್ಗ. ಹತ್ತು ಲೀಟರ್ ನೀರಿಗೆ 400 ಗ್ರಾಂ ವಾಷಿಂಗ್ ಸೋಡಾ ಕರಗಿಸಿ, ಗೋಣಿಚೀಲ ಅದ್ದಿ ಬಾಗಿಲಲ್ಲಿ ಹಾಸಿದೆ. ನೆಲ, ಗೋದಲಿ ಎಲ್ಲ ಅದರಲ್ಲೇ ತೊಳೆದೆ. ಈ ವೈರಸ್ ಫಿನಾಯಿಲ್‌ಗೆ ಅಷ್ಟಾಗಿ ಬಗ್ಗಲ್ಲ, ಸೋಡಾಕ್ಕೆ ಬಗ್ಗುತ್ತದೆ. ಗೌರಿಯ ಹಾಲನ್ನು ಡೈರಿಗೆ ಹಾಕಲಿಲ್ಲ.

ಜಾಸ್ತಿ ಹೆದರಿದ್ದು ಕರುವಿಗೆ. ದೊಡ್ಡ ಹಸು ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. ಆದರೆ ಎಳೆಗರುವಿನಲ್ಲಿ ವೈರಸ್ ಹೃದಯಕ್ಕೇ ಇಳಿಯುತ್ತದೆ. ಬಾಯಲ್ಲಿ ಹುಣ್ಣು ಕಾಣುವ ಮೊದಲೇ ಕರು ಬಿದ್ದು ಸಾಯಬಹುದು. ತಾಯಿಯಿಂದ ಬಿಡಿಸಿ, ಬೇರೆ ಹಸುವಿನ ಹಾಲು ಕಾಯಿಸಿ ಆರಿಸಿ ಕುಡಿಸಿದೆವು.

ವೈರಸ್ಸಿಗೇ ಅಂತ ಔಷಧಿ ಇಲ್ಲ. ಡಾಕ್ಟ್ರು ಜ್ವರಕ್ಕೂ, ಹುಣ್ಣು ಕೀವಾಗದಂತೆಯೂ ಇಂಜೆಕ್ಷನ್ ಕೊಟ್ಟರು. ಉಳಿದಿದ್ದು ಆರೈಕೆ. ಪೊಟ್ಯಾಶ್ ಪರ್ಮಾಂಗನೇಟನ್ನು ತೆಳು ಗುಲಾಬಿ ಬಣ್ಣಕ್ಕೆ ಬರುವಷ್ಟು ನೀರಿಗೆ ಹಾಕಿ ಬಾಯಿ ತೊಳೆಯುತ್ತಿದ್ದೆ. ಆಮೇಲೆ ಜೀರಿಗೆ, ಮೆಂತ್ಯ, ಮೆಣಸು ನೆನೆಸಿ, ಬೆಳ್ಳುಳ್ಳಿ, ಅರಿಶಿನ, ಬೆಲ್ಲದ ಜೊತೆ ರುಬ್ಬಿ, ತೆಂಗಿನ ತುರಿ ಕಲಸಿ ನಾಲಿಗೆಗೆ ಮೆತ್ತಗೆ ಸವರುವುದು. ಒಣಹುಲ್ಲು ಚುಚ್ಚುತ್ತದೆ, ಹಾಗಾಗಿ ರಾಗಿ ಗಂಜಿ, ಎಳೆ ಹಸಿಹುಲ್ಲು. ಗೊರಸಿಗೆ ನೊಣ ಕೂತರೆ ಹುಳ ಬೀಳುತ್ತದೆ, ದಿನಾ ತೊಳೆದು ಬೇವಿನೆಣ್ಣೆ ಹಚ್ಚಿದೆ.

ಗೌರಿ ಉಳಿದಳು. ಹಾಲು ಮಾತ್ರ ಮೊದಲಿನಷ್ಟಾಗಲಿಲ್ಲ. ಬಿಸಿಲು ಏರಿದರೆ ಈಗಲೂ ನಾಲಿಗೆ ಚಾಚಿ ಏದುಸಿರು ಬಿಡುತ್ತಾಳೆ. ಬೆದೆಗೂ ತಡವಾಗಿ ಬಂದಳು. ಸೀಮೆ ಹಸುಗಳಲ್ಲಿ ಇಂಥ ಬಾಧೆ ಜಾಸ್ತಿ.

ಉಳಿದವಕ್ಕೆ ಬರಲಿಲ್ಲ. ದೂರ ಕಟ್ಟಿದ್ದು ಒಂದು ಕಾರಣವಾದರೆ, ಲಸಿಕೆ ಅದಕ್ಕಿಂತ ದೊಡ್ಡ ಕಾರಣ ಅನ್ನುವುದು ನನ್ನ ನಂಬಿಕೆ. ಲಸಿಕೆ ಆದ ಹಸುವಿಗೂ ಒಮ್ಮೊಮ್ಮೆ ಬರುತ್ತದೆ, ಆದರೆ ಜೋರು ಕಡಿಮೆ. ಹಾಲು ಎರಡು ದಿನ ಇಳಿಯುತ್ತೆ ಅಂತ ಲಸಿಕೆಯವರು ಬಂದಾಗ ಹಸುವನ್ನು ತೋಟಕ್ಕೆ ಅಟ್ಟುವವರು ನಮ್ಮೂರಲ್ಲೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸರ್ಕಾರ ಪುಕ್ಕಟೆ ಹಾಕುತ್ತದೆ. ಕರುವಿಗೆ ನಾಲ್ಕು ತಿಂಗಳು ತುಂಬಿದಾಗ ಮೊದಲನೆಯದು, ಒಂದು ತಿಂಗಳಿಗೆ ಇನ್ನೊಂದು, ಆಮೇಲೆ ಆರು ತಿಂಗಳಿಗೊಮ್ಮೆ. ಸಂತೆಯಿಂದ ತಂದ ಹಸುವನ್ನು ಎರಡು ಮೂರು ವಾರ ಬೇರೆ ಕಟ್ಟಿ, ಆಮೇಲೆ ಕೊಟ್ಟಿಗೆಗೆ ಸೇರಿಸಿ.