ಹಾಲಿನ ತಳಿಯ ಕರುಗಳನ್ನು ಮಾಂಸಕ್ಕೆ ಬೆಳೆಸಿದ ನನ್ನ ಲೆಕ್ಕ

ಹೈನಿನ ಹಿಂಡಿನಲ್ಲಿ ಹುಟ್ಟುವ ಗಂಡುಕರು ಮುಂದೆ ಹಾಲು ಕೊಡುವುದಿಲ್ಲ, ಮಾಂಸದ ತಳಿಯ ಕರುವಿನಂತೆ ಮೈ ತುಂಬಿಕೊಳ್ಳುವುದೂ ಇಲ್ಲ. ಅದಕ್ಕೇ ಅದು ಅಗ್ಗ, ಮತ್ತು ಆ ಅಗ್ಗದ ಬೆಲೆಯೇ ನನ್ನನ್ನು ಈ ಕೆಲಸಕ್ಕೆ ಎಳೆಯಿತು. ಮೊದಲ ಸಲ ಎರಡು ವಾರದ 20 ಹೋಲ್‌ಸ್ಟೀನ್ ಗಂಡುಕರುಗಳನ್ನು ತಂದಾಗ ನಾನು ಬರೆದಿಟ್ಟುಕೊಂಡ ಲೆಕ್ಕ ಒಂದೇ ಪುಟದ್ದು: ಕೊಂಡ ಬೆಲೆ, ಹಾಲಿನ ಪುಡಿ, ಹಿಂಡಿ, ಹುಲ್ಲು, ಔಷಧ, ಕೊನೆಯಲ್ಲಿ ಮಾರಿದರೆ ಬರಬಹುದಾದ ಹಣ. ಸಾಯುವ ಕರುಗಳಿಗೂ ವ್ಯರ್ಥವಾಗುವ ದಿನಗಳಿಗೂ ಆ ಪುಟದಲ್ಲಿ ಜಾಗವೇ ಇರಲಿಲ್ಲ. ಆ ತಂಡದ ನಷ್ಟವೆಲ್ಲ ಬಂದದ್ದು ಅವೆರಡರಿಂದಲೇ.

ಆ ಕರುಗಳು ಹತ್ತಾರು ಕೊಟ್ಟಿಗೆಗಳಿಂದ ಸಂತೆಗೆ ಬಂದು, ಒಂದೇ ಗಾಡಿಯಲ್ಲಿ ಒತ್ತೊತ್ತಾಗಿ ನಿಂತು ನನ್ನಲ್ಲಿಗೆ ತಲುಪಿದ್ದವು. ಮೊದಲ ಹತ್ತು ದಿನಗಳಲ್ಲೇ ಭೇದಿ ಹಬ್ಬಿ ಮೂರು ಕರುಗಳು ಸತ್ತವು. 20 ಕರುಗಳಿಗೆ ಕೊಟ್ಟ ಹಣವನ್ನು ಉಳಿದ 17 ಕರುಗಳ ತಲೆಗೆ ಹಂಚಿದಾಗ ಪ್ರತಿ ಕರುವಿನ ಖರೀದಿ ಬೆಲೆ ಸುಮಾರು ಶೇ. 18ರಷ್ಟು ಏರಿತು, ಸಂತೆಯಲ್ಲಿ ಚೌಕಾಸಿ ಮಾಡಿ ಉಳಿಸಿದ್ದು ಇದಕ್ಕಿಂತ ಕಡಿಮೆ. ಆದರೂ ಸತ್ತ ಕರುಗಳ ನಷ್ಟ ಅಷ್ಟಕ್ಕೇ ನಿಂತಿತು. ನ್ಯುಮೋನಿಯಾ ತಗುಲಿ ಬದುಕಿ ಉಳಿದ ಐದು ಕರುಗಳು ಮಾರುವ ಹೊತ್ತಿಗೆ ಜೊತೆಯವಕ್ಕಿಂತ ಸರಾಸರಿ 45 ಕೆ.ಜಿ. ಹಿಂದಿದ್ದವು. ದಿನಕ್ಕೆ 750 ಗ್ರಾಂ ಬೆಳವಣಿಗೆ ಎಂದು ಹಿಡಿದರೆ ಅದು 60 ದಿನಗಳ ಮೇವು, 60 ದಿನಗಳ ಕೆಲಸ.

ಕಾರಣ ಹುಡುಕಿದಾಗ ಸಿಕ್ಕದ್ದು ಗಿಣ್ಣುಹಾಲು. ಹಸುವಿನ ರೋಗನಿರೋಧಕ ಅಂಶಗಳು ಗರ್ಭದಲ್ಲಿ ಕರುವಿಗೆ ದಾಟುವುದಿಲ್ಲ. ಗಿಣ್ಣುಹಾಲಿನ ಮೂಲಕವೇ ಬರಬೇಕು, ಮತ್ತು ಅವುಗಳನ್ನು ಹೀರಿಕೊಳ್ಳುವ ಕರುಳಿನ ಶಕ್ತಿ ಹುಟ್ಟಿದ ಕ್ಷಣದಿಂದಲೇ ಕುಗ್ಗುತ್ತ ಸುಮಾರು 24 ಗಂಟೆಗಳಲ್ಲಿ ಮುಗಿದುಹೋಗುತ್ತದೆ. 40 ಕೆ.ಜಿ. ಕರುವಿಗೆ ಮೈತೂಕದ ಹತ್ತನೆಯ ಒಂದು ಪಾಲು, ಅಂದರೆ 4 ಲೀಟರ್, ಮೊದಲ ಕೆಲವೇ ಗಂಟೆಗಳಲ್ಲಿ ಹೊಟ್ಟೆ ಸೇರಬೇಕು. ಹೈನುಗಾರನಿಗೆ ಬೇಡದ ಗಂಡುಕರುವಿಗೆ ಈ ಉಪಚಾರ ಎಷ್ಟರಮಟ್ಟಿಗೆ ಸಿಕ್ಕೀತು ಎಂಬುದನ್ನು ನಾನು ಮೊದಲೇ ಯೋಚಿಸಬೇಕಿತ್ತು. ಎರಡು ವಾರದ ಕರುವನ್ನು ಕೊಂಡವನು ಆ ತಪ್ಪನ್ನು ಸರಿಪಡಿಸಲಾರ. ಅದನ್ನೂ ಸೇರಿಸಿಯೇ ಕೊಂಡಿರುತ್ತಾನೆ.

ಎರಡನೆಯ ಸಲ ಸಂತೆಗೆ ಹೋಗಲಿಲ್ಲ. ಒಂದೇ ಹೈನುಗಾರನೊಂದಿಗೆ ಮಾತಾಡಿ, ಗಂಡುಕರುವಿಗೂ ಹೆಣ್ಣುಕರುವಿನಷ್ಟೇ ಗಿಣ್ಣುಹಾಲು ಕುಡಿಸಬೇಕು, ಹೊಕ್ಕುಳಿಗೆ ಅಯೋಡಿನ್ ಹಚ್ಚಬೇಕು ಎಂಬ ಷರತ್ತಿನ ಮೇಲೆ ಸಂತೆಯ ದರಕ್ಕಿಂತ ಹೆಚ್ಚು ಕೊಡಲು ಒಪ್ಪಿಕೊಂಡೆ. ಹುಟ್ಟಿ ಒಂದು ವಾರದೊಳಗೆ ಕೆಲವು ಕರುಗಳ ರಕ್ತ ತೆಗೆದು ಬ್ರಿಕ್ಸ್ ಮಾಪಕದಲ್ಲಿ (ದ್ರವದಲ್ಲಿ ಕರಗಿರುವ ಅಂಶ ಎಷ್ಟೆಂದು ತೋರಿಸುವ ಸಾಧನ) ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ, ಪರೀಕ್ಷಿಸುವಂತೆ ಪಶುವೈದ್ಯರನ್ನು ಕೇಳಿಕೊಂಡೆ, 8.4ರ ಮೇಲಿದ್ದರೆ ಗಿಣ್ಣುಹಾಲು ಸಕಾಲಕ್ಕೆ ಸಿಕ್ಕಿದೆ ಎಂದು ಅರ್ಥ. ಆ ತಂಡದಲ್ಲಿ ಸತ್ತದ್ದು ಒಂದೇ ಕರು. ಹೆಚ್ಚು ಕೊಟ್ಟ ಹಣ ಅಲ್ಲಿಗೇ ವಾಪಸಾಯಿತು.

ಹಾಲಿನ ಪುಡಿಯಲ್ಲೂ ಮೊದಲ ವರ್ಷ ಜಾಣತನ ತೋರಿಸಲು ಹೋಗಿದ್ದೆ. ದಿನಕ್ಕೆ 4 ಲೀಟರ್, ಅದೂ ತೆಳುವಾಗಿ. ಅಷ್ಟರಲ್ಲಿ ಕರು ಬದುಕುತ್ತದೆ, ಬೆಳೆಯುವುದಿಲ್ಲ. ಚಳಿ ಬಿದ್ದರೆ ಅದೆಲ್ಲ ಮೈ ಬೆಚ್ಚಗಿಡುವುದಕ್ಕೇ ಖರ್ಚಾಗುತ್ತದೆ. ಈಗ ಲೀಟರಿಗೆ 150 ಗ್ರಾಂ ಪುಡಿ ಕಲಸಿ ದಿನಕ್ಕೆ 6 ಲೀಟರ್ ಕೊಡುತ್ತೇನೆ. ತಿಂದದ್ದನ್ನು ತೂಕವಾಗಿ ತಿರುಗಿಸುವ ಶಕ್ತಿ ಜೀವಮಾನದಲ್ಲೇ ಅತಿ ಹೆಚ್ಚಾಗಿರುವುದು ಈ ವಯಸ್ಸಿನಲ್ಲಿ, ಆದ್ದರಿಂದ ಉಳಿತಾಯ ಮಾಡಲು ಇದಕ್ಕಿಂತ ಕೆಟ್ಟ ಕಾಲವಿಲ್ಲ. ಹಾಲು ಬಿಡಿಸುವುದನ್ನು ವಯಸ್ಸು ನೋಡಿ ತೀರ್ಮಾನಿಸುವುದಿಲ್ಲ; ಕರು ಸತತ ಮೂರು ದಿನ ಒಂದೂವರೆ ಕೆ.ಜಿ. ಹಿಂಡಿ ತಿಂದರೆ ಮಾತ್ರ ಬಿಡಿಸುತ್ತೇನೆ. ಹಿಂಡಿಯಲ್ಲಿರುವ ಧಾನ್ಯ ರೂಮೆನ್ನಿನಲ್ಲಿ, ಅಂದರೆ ಹೊಟ್ಟೆಯ ಮೊದಲ ಕೋಣೆಯಲ್ಲಿ, ಹುದುಗು ಬಂದಾಗ ಹುಟ್ಟುವ ಆಮ್ಲಗಳೇ ಅದರ ಒಳಗೋಡೆಯನ್ನು ಬೆಳೆಸುತ್ತವೆ. ಬರೀ ಹುಲ್ಲು ತಿಂದ ಕರುವಿನ ಹೊಟ್ಟೆ ಡೊಳ್ಳಾಗುತ್ತದೆ, ಬೆನ್ನು ಒಣಗುತ್ತದೆ.

ನಡುವಿನ ಒಂದು ವರ್ಷ ಹುಲ್ಲುಗಾವಲಿನದ್ದು, ಹೇಳುವಂಥದ್ದು ಹೆಚ್ಚಿಲ್ಲ. ಬೀಜ ಒಡೆಸದ ಹೋರಿ ಬೇಗ ಬೆಳೆಯುತ್ತದೆ, ಕಡಿಮೆ ಮೇವಿನಲ್ಲಿ ಹೆಚ್ಚು ತೂಕ ಕೊಡುತ್ತದೆ ಎಂಬುದು ನಿಜ. ಆದರೆ ನನ್ನ ಬೇಲಿಯನ್ನೂ ನನ್ನ ವಯಸ್ಸನ್ನೂ ನೋಡಿಕೊಂಡು ನಾನು ಎಲ್ಲವನ್ನೂ ಬೀಜ ಒಡೆಸುತ್ತೇನೆ.

ಮಾರುವ ದಿನ ಕಲಿತ ಪಾಠ ಬೇರೆ. ಹೋಲ್‌ಸ್ಟೀನ್ ಉದ್ದ ಮೈಯ, ದಪ್ಪ ಎಲುಬಿನ ಪ್ರಾಣಿ. ಕೊಬ್ಬನ್ನು ಚರ್ಮದ ಕೆಳಗೆ ತುಂಬುವ ಮೊದಲು ಮೂತ್ರಪಿಂಡದ ಸುತ್ತಲೂ ಕರುಳಿನ ಸುತ್ತಲೂ ತುಂಬಿಕೊಳ್ಳುತ್ತದೆ, ಆ ಕೊಬ್ಬಿಗೆ ಯಾರೂ ಹಣ ಕೊಡುವುದಿಲ್ಲ. 600 ಕೆ.ಜಿ. ತೂಗಿದ ನನ್ನ ಪ್ರಾಣಿಯಲ್ಲಿ ಶೇ. 50ರಷ್ಟು, ಅಂದರೆ 300 ಕೆ.ಜಿ. ಮಾಂಸದ ಒಡಲು (ತಲೆ, ಚರ್ಮ, ಒಳಾಂಗ ತೆಗೆದ ಮೇಲೆ ಉಳಿಯುವ ಭಾಗ) ಸಿಕ್ಕಿತು. ಮುಂದೆ ಮಾಂಸದ ತಳಿಯಾದ ಆಂಗಸ್ ಹೋರಿಯ ವೀರ್ಯಕ್ಕೆ ಹುಟ್ಟಿದ ಮಿಶ್ರತಳಿಯನ್ನು ಬೆಳೆಸಿದಾಗ 550 ಕೆ.ಜಿ. ಪ್ರಾಣಿ ಶೇ. 55ರ ಲೆಕ್ಕದಲ್ಲಿ 302 ಕೆ.ಜಿ. ಕೊಟ್ಟಿತು, ಅದೂ ಎರಡು ತಿಂಗಳು ಮೊದಲೇ. ಹೈನುಗಾರರು ಈಗ ಒಳ್ಳೆಯ ಹಸುಗಳಿಗೆ ಲಿಂಗ ಬೇರ್ಪಡಿಸಿದ ವೀರ್ಯ ಕೊಡಿಸಿ ನೂರಕ್ಕೆ ಸುಮಾರು 90 ಹೆಣ್ಣುಕರು ಪಡೆಯುವುದರಿಂದ, ಉಳಿದ ಹಸುಗಳನ್ನು ಮಾಂಸದ ಹೋರಿಗೆ ಬಿಡಲು ಅವರಿಗೂ ಅನುಕೂಲ. ಅಂಥ ಕರು ದುಬಾರಿ. ಅದಕ್ಕೆ ಎಷ್ಟು ಕೊಡಬಹುದೆಂಬುದನ್ನು ಒಡಲಿನ ತೂಕದಿಂದ ಹಿಂದಕ್ಕೆ ಎಣಿಸಿಯೇ ಹೇಳುತ್ತೇನೆ, ಕರುವಿನ ಮುಖ ನೋಡಿ ಅಲ್ಲ.

ನನ್ನ ಅತ್ಯಂತ ದುಬಾರಿ ತಪ್ಪು ಕಾಯುವುದು. ದರ ಏರೀತು ಎಂದು ಒಮ್ಮೆ ಆರು ವಾರ ತಡೆದೆ, ಏರಿತು ಕೂಡ. ಆದರೆ ದಿನಕ್ಕೆ 12 ಕೆ.ಜಿ. ಒಣಾಂಶ (ನೀರಿನಂಶ ಕಳೆದ ಮೇವಿನ ತೂಕ) ತಿಂದು 1.2 ಕೆ.ಜಿ. ಬೆಳೆಯುತ್ತಿದ್ದ ಪ್ರಾಣಿಗಳು ಆಗ ಅಷ್ಟೇ ತಿಂದು 700 ಗ್ರಾಂ ಬೆಳೆಯುತ್ತಿದ್ದವು. ಒಂದು ಕೆ.ಜಿ. ತೂಕಕ್ಕೆ 10 ಕೆ.ಜಿ. ಬೇಕಿದ್ದ ಮೇವು 17 ಕೆ.ಜಿ.ಗೆ ಏರಿತ್ತು, ದರದ ಏರಿಕೆಯನ್ನು ಮೇವೇ ನುಂಗಿಹಾಕಿತು. ಈಗ ಕೊನೆಯ ಮೂರು ತಿಂಗಳು, ಪ್ರತಿ ಮೂರು ವಾರಕ್ಕೊಮ್ಮೆ ತೂಗುತ್ತೇನೆ. ಗಳಿಸಿದ ತೂಕದ ಬೆಲೆ ತಿಂದ ಮೇವಿನ ಬೆಲೆಗಿಂತ ಇಳಿದ ಪ್ರಾಣಿಯನ್ನು, ಗುಂಪಿನ ಉಳಿದವು ಸಿದ್ಧವಾಗಲಿ ಬಿಡಲಿ, ಮುಂದಿನ ಗಾಡಿಗೇ ಹತ್ತಿಸುತ್ತೇನೆ.

ಕಳೆದ ಎರಡು ತಂಡಗಳಿಂದ ಅರ್ಧದಷ್ಟು ಕರುಗಳನ್ನು ಹಾಲು ಬಿಡಿಸಿ, 12 ವಾರಕ್ಕೇ ಬೇರೆ ಸಾಕಣೆದಾರರಿಗೆ ಮಾರುತ್ತಿದ್ದೇನೆ. ಒಂದು ಕರುವಿನ ಮೇಲಿನ ಲಾಭ ಚಿಕ್ಕದು, ಆದರೆ ಎರಡು ವರ್ಷ ಸಿಕ್ಕಿಕೊಳ್ಳುತ್ತಿದ್ದ ಹಣ ಮೂರು ತಿಂಗಳಿಗೇ ಕೈಗೆ ಬರುತ್ತದೆ, ಅಷ್ಟು ಕಾಲದ ಬಡ್ಡಿಯೂ ಉಳಿಯುತ್ತದೆ. ಉಳಿದ ಅರ್ಧವನ್ನು ಕೊನೆಯವರೆಗೆ ಬೆಳೆಸುವುದು ಹುಲ್ಲುಗಾವಲು ಖಾಲಿ ಬೀಳಬಾರದೆಂದು.