ಒಂದೇ ಹೆಸರು, ಎರಡು ಊರು, ಒಂದೇ ತಾರೀಖಿನ ಠಸ್ಸೆ

ಎರಡು ಬಿಲಾಸ್‌ಪುರಗಳ ಅಂಚೆ ಠಸ್ಸೆ ನನ್ನ ಆಲ್ಬಮ್‌ನಲ್ಲಿ ಈಗ ಪಕ್ಕಪಕ್ಕ ಇವೆ. ಒಂದು ಛತ್ತೀಸ್‌ಗಢದ್ದು, ಇನ್ನೊಂದು ಹಿಮಾಚಲದ್ದು. ಎರಡರಲ್ಲೂ ಒಂದೇ ತಾರೀಖು. ನಾನು ಆ ಎರಡೂ ಊರು ನೋಡಿಲ್ಲ, ಮಂಡ್ಯದ ನನ್ನ ಸೈಕಲ್ ಸಾಮಾನಿನ ಅಂಗಡಿಯಲ್ಲಿ ಕೂತೇ ತರಿಸಿದೆ. ಮೈಸೂರಿನಲ್ಲಿ ಠಸ್ಸೆ ಸಂಗ್ರಹಿಸುವವರ ನಮ್ಮ ಭಾನುವಾರದ ಗುಂಪಿನಲ್ಲಿ ಒಬ್ಬರೂ ಇದನ್ನು ನಂಬಿರಲಿಲ್ಲ. "ಕಾರ್ಡ್ ವಾಪಸ್ ಬಂದ್ರೇ ಪುಣ್ಯ ಕಣಯ್ಯ, ತಾರೀಖು ಬೇರೆ ಹೇಳಿ ಕಳಿಸ್ತೀಯಾ?" ಅಂತ ನಮ್ಮಲ್ಲಿ ಹಿರಿಯರೊಬ್ಬರು ನಕ್ಕಿದ್ದರು. ಅವರೇ ಈಚೆಗೆ ಭೂತಗನ್ನಡಿ ಹಿಡಿದು ಎರಡೂ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಕಾಫಿ ಕೊಡಿಸಿದರು. ಅವರು ಕಾಫಿ ಕೊಡಿಸಿದ್ದೇ ದೊಡ್ಡ ಸರ್ಟಿಫಿಕೇಟು.

ಒಂದೇ ಹೆಸರಿನ ಊರುಗಳ ಠಸ್ಸೆ ಸೇರಿಸುವವರು ನಮ್ಮಲ್ಲಿ ಮೊದಲೂ ಇದ್ದರು. ಹಮೀರ್‌ಪುರ ಹಿಮಾಚಲದಲ್ಲೂ ಇದೆ, ಉತ್ತರ ಪ್ರದೇಶದಲ್ಲೂ ಇದೆ. ಪ್ರತಾಪ್‌ಗಢ ಉತ್ತರ ಪ್ರದೇಶದಲ್ಲೊಂದು, ರಾಜಸ್ಥಾನದಲ್ಲೊಂದು. ಬಲರಾಮ್‌ಪುರ ಉತ್ತರ ಪ್ರದೇಶ ಮತ್ತು ಛತ್ತೀಸ್‌ಗಢದಲ್ಲಿ. ಇವೆಲ್ಲ ಜಿಲ್ಲೆಯ ಹೆಸರುಗಳೇ. ಎರಡು ಠಸ್ಸೆ ಬೇರೆಬೇರೆ ವರ್ಷದವಾದರೂ ಪರವಾಗಿಲ್ಲ ಅಂತ ಅವರು ಜೋಡಿ ಮಾಡುತ್ತಿದ್ದರು. ನನಗೆ ಅದು ಸಪ್ಪೆ ಅನಿಸಿತು. ಒಂದೇ ದಿನ ಎರಡೂ ಊರಲ್ಲಿ ಒತ್ತಿಸಿದರೆ ತಾನೇ ಜೋಡಿ?

ಮೊದಲಿನ ಸುತ್ತು ಪೂರಾ ನಷ್ಟ. ಆಯಾ ಊರಿನ ಪೋಸ್ಟ್‌ಮಾಸ್ಟರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆದು, ಐವತ್ತು ಪೈಸೆಯ ಕಾರ್ಡು ಒಳಗಿಟ್ಟು, ವಾಪಸ್ ಕವರಿಗೆ ಸ್ಟಾಂಪು ಹಚ್ಚಿ ಸಾದಾ ಪೋಸ್ಟಲ್ಲಿ ಕಳಿಸುತ್ತಿದ್ದೆ. ಹತ್ತು ಹೋದರೆ ಮೂರೋ ನಾಲ್ಕೋ ಬರುತ್ತಿದ್ದವು. ಬಂದದ್ದಾದರೂ ಹೇಗೆ? ಒಂದು ಕಾರ್ಡಿನಲ್ಲಿ ಮಸಿಯ ಉಂಡೆ ಮಾತ್ರ, ಅಕ್ಷರವೇ ಇಲ್ಲ. ಇನ್ನೊಂದರಲ್ಲಿ ಠಸ್ಸೆ ಚೆನ್ನಾಗಿ ಬಿದ್ದಿದೆ, ಆದರೆ ಅದರ ಮೇಲೆ ಅಂಚೆ ವಿಂಗಡಿಸುವ ಆರ್‌ಎಂಎಸ್‌ನವರದ್ದು ಅಡ್ಡ ಬಿದ್ದಿದೆ. ಒಂದು ಕಡೆಯ ಪೋಸ್ಟ್‌ಮಾಸ್ಟರ್ ಪಾಪ, ಶುಭಾಶಯ ಬರೆದು ಸಹಿ ಹಾಕಿದ್ದರು. ಠಸ್ಸೆ ಮಾತ್ರ ಒತ್ತಿರಲಿಲ್ಲ. ತಾರೀಖಿನ ವಿಷಯಕ್ಕೆ ಬಂದರೆ, ಕವರ್ ಕೈಗೆ ಸಿಕ್ಕ ದಿನವೇ ಎಲ್ಲರೂ ಒತ್ತಿ ಕಳಿಸಿಬಿಡುತ್ತಿದ್ದರು. ಹದಿನೈದು ದಿನ ಇಟ್ಟುಕೊಂಡು ಒತ್ತಿ ಅಂದರೆ ಯಾರಿಗೆ ಬೇಕು ಆ ಉಸಾಬರಿ?

ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ಅಂದಾಜು ಎರಡು ವರ್ಷದಲ್ಲಿ ಏಳೆಂಟು ಸಾವಿರ ಹೋಗಿದೆ, ಕೈಗೆ ಬಂದದ್ದು ಒಂದು ಮುಷ್ಟಿ ಕಾರ್ಡು. ಆಗ ರಿಜಿಸ್ಟರ್ಡ್ ಮಾಡಿದರೆ ಹೋಗಿ ತಲುಪಿದ್ದಕ್ಕಾದರೂ ಪುರಾವೆ ಇರುತ್ತಿತ್ತು. 2025ರಲ್ಲಿ ಅದನ್ನು ಸ್ಪೀಡ್ ಪೋಸ್ಟಿಗೆ ಸೇರಿಸಿದರು. ಈಗ ಹೋಗೋದು ಬರೋದು ಎಲ್ಲ ಸೇರಿ ಒಂದು ಜೋಡಿಗೆ ಇನ್ನೂರರ ಹತ್ತಿರ ಆಗುತ್ತದೆ. "ಈ ದುಡ್ಡಲ್ಲಿ ಟಿಕೆಟ್ ತಗೊಂಡಿದ್ರೆ ಊರಾದ್ರೂ ನೋಡ್ಕೊಂಡು ಬರಬಹುದಿತ್ತಲ್ರೀ" ಅಂತ ಮನೆಯವಳು ಈಗಲೂ ಹೇಳುತ್ತಾಳೆ. ಮಾತು ಸರಿಯೇ. ಆದರೆ ಟಿಕೆಟ್ ತಗೊಂಡರೂ ಒಂದೇ ದಿನ ಎರಡು ಬಿಲಾಸ್‌ಪುರದಲ್ಲಿ ನಿಲ್ಲೋಕಾಗುತ್ತಾ?

ಈಗ ವಿಧಾನ. ಪಿನ್ ಕೋಡ್ ಬಗ್ಗೆ ನಿಮಗೆ ಹೇಳಬೇಕಿಲ್ಲ. 1972ರ ಆಗಸ್ಟ್ 15ರಂದು ಅದು ಬಂದದ್ದೇ ಈ ಒಂದೇ ಹೆಸರಿನ ಊರುಗಳ, ಹತ್ತಾರು ಲಿಪಿಗಳ ಗೋಜಲು ಬಿಡಿಸೋಕೆ. ಅದನ್ನು ತಂದ ಶ್ರೀರಾಮ್ ಭಿಕಾಜಿ ವೇಲಣಕರ್ ಅವರಿಗೆ ನಾನು ಮನಸ್ಸಿನಲ್ಲೇ ದಿನಾ ಕೈ ಮುಗಿಯುತ್ತೇನೆ. ಅವರು ಸಂಸ್ಕೃತದ ಕವಿಯೂ ಹೌದಂತೆ. ನಾನು ಕಂಡುಕೊಂಡದ್ದು ಏನೆಂದರೆ, ಜೋಡಿ ಆರಿಸುವಾಗಲೇ ಪಿನ್ನಿನ ಮೊದಲ ಅಂಕಿ ಬೇರೆ ಇರುವ ಊರುಗಳನ್ನು ಹಿಡಿಯಬೇಕು. ಬಿಲಾಸ್‌ಪುರ ಛತ್ತೀಸ್‌ಗಢದ್ದು 495001, ಹಿಮಾಚಲದ್ದು 174001. ಹಮೀರ್‌ಪುರ ಉತ್ತರ ಪ್ರದೇಶದ್ದು 210301, ಹಿಮಾಚಲದ್ದು 177001. ಪ್ರತಾಪ್‌ಗಢ 230001 ಮತ್ತು 312605. ಇವು ಬೆರೆತುಹೋಗುವುದು ಕಡಿಮೆ. ಛತ್ತೀಸ್‌ಗಢದ ರಾಯಗಢ, ಮಹಾರಾಷ್ಟ್ರದ ರಾಯಗಡ ಎರಡೂ 4ರ ವಲಯ. ಅದೂ ಸಾಲದು ಅಂತ ಮಹಾರಾಷ್ಟ್ರದ್ದು ಬರೀ ಜಿಲ್ಲೆಯ ಹೆಸರು. 1981ರವರೆಗೆ ಅದು ಕೊಲಾಬಾ ಜಿಲ್ಲೆ, ಮುಖ್ಯ ಊರು ಅಲಿಬಾಗ್. ಹೆಡ್ ಪೋಸ್ಟ್ ಆಫೀಸಿನಿಂದ ತರಿಸಿದರೆ ಅಲಿಬಾಗ್ ಅಂತಲೇ ಬರುತ್ತದೆ. ಅದನ್ನು ನಾನು ಕೈಬಿಟ್ಟೆ.

ಎರಡನೆಯದು ಪತ್ರ. ಹಿಂದಿಯಲ್ಲೇ ಬರೆಯಬೇಕು, ಕೈಯಲ್ಲೇ ಬರೆಯಬೇಕು, ಅರ್ಧ ಪುಟ ಮೀರಬಾರದು. ಟೈಪ್ ಮಾಡಿದ್ದು ದೂರು ಪತ್ರದ ಥರ ಕಾಣುತ್ತದೆ, ಯಾರೂ ತೆರೆದು ನೋಡಲ್ಲ. ನನ್ನ ಹಿಂದಿ ಲೂಧಿಯಾನದ ಸೈಕಲ್ ಬಿಡಿಭಾಗದವರ ಜೊತೆ ರೇಟು ಜಗ್ಗಾಡಿ ಕಲಿತದ್ದು. ವ್ಯಾಕರಣ ಇಲ್ಲ, ಆದರೆ ಕೆಲಸ ಆಗುತ್ತದೆ.

ಮೂರನೆಯದು ಕವರಿನೊಳಗೆ ಕವರು. ಒಳಗಿನದ್ದರ ಮೇಲೆ ಕೆಂಪು ಸ್ಕೆಚ್ ಪೆನ್ನಲ್ಲಿ ತಾರೀಖು ಮಾತ್ರ, ದೊಡ್ಡದಾಗಿ. ಬೇರೆ ಒಂದಕ್ಷರವೂ ಬೇಡ. ಅದು ಮೇಜಿನ ಮೇಲೆ ಬಿದ್ದಿದ್ದರೆ ದಿನಾ ಕಣ್ಣಿಗೆ ಹೊಡೆಯುತ್ತಿರುತ್ತದೆ. ಅದರೊಳಗೆ ಎರಡು ಕಾರ್ಡು, ಒಂದು ಕೆಟ್ಟರೆ ಇನ್ನೊಂದಿರಲಿ ಅಂತ. ಸ್ಟಾಂಪನ್ನು ಮೂಲೆಗೆ ಒತ್ತಿ ಅಂಟಿಸಬೇಡಿ, ಒಂದು ಬೆರಳಷ್ಟು ಒಳಗೆ ತನ್ನಿ. ಹಳೇ ಔಷಧಿ ಬಾಟಲಿಯ ಮುಚ್ಚಳ ಇಟ್ಟು ಪೆನ್ಸಿಲಿನಿಂದ ತೆಳ್ಳಗೆ ಒಂದು ವೃತ್ತ ಎಳೆಯಿರಿ. ಕಾಲು ಭಾಗ ಸ್ಟಾಂಪಿನ ಮೇಲೆ, ಮುಕ್ಕಾಲು ಬರೀ ಕಾರ್ಡಿನ ಮೇಲೆ ಬರಬೇಕು. ಆಗ ಊರ ಹೆಸರು, ತಾರೀಖು, ಕೆಳಗಿನ ಪಿನ್ ಎಲ್ಲ ಬಿಳಿ ಜಾಗದಲ್ಲಿ ಬೀಳುತ್ತದೆ. ಒತ್ತುವವರು ವೃತ್ತ ಕಂಡರೆ ತಾವಾಗಿಯೇ ಅದರೊಳಗೆ ಒತ್ತುತ್ತಾರೆ, ವಿವರಿಸುವ ಅಗತ್ಯವೇ ಇಲ್ಲ. ಎರಡು ಕಾರ್ಡಿನ ನಡುವೆ ಬಟರ್ ಪೇಪರ್. ಕಾರ್ಡಿನ ಅಡಿಗೆ ಇಡೋಕೆ ಇನ್ನೊಂದು ವಸ್ತುವನ್ನೂ ಕಳಿಸುತ್ತೇನೆ. ಠಸ್ಸೆ ಅಷ್ಟು ನೀಟಾಗಿ ಬೀಳೋದು ಅದರಿಂದಲೇ. ಅದು ನಮ್ಮ ಅಂಗಡಿಯಲ್ಲೇ ಸಿಗುವ ಮಾಲು ಅಂತ ಮಾತ್ರ ಹೇಳುತ್ತೇನೆ.

ತಾರೀಖು ಆರಿಸೋದರಲ್ಲಿ ಅರ್ಧ ಗೆಲುವು ಇದೆ. ತಿಂಗಳ ಮೊದಲ ಹತ್ತು ದಿನ ಬೇಡ, ಪಿಂಚಣಿ, ಆರ್‌ಡಿ ಕಂತು ಅಂತ ಕೌಂಟರಿನಲ್ಲಿ ಉಸಿರಾಡೋಕೆ ಬಿಡುವಿರಲ್ಲ. ಸೋಮವಾರ ಬೇಡ. ಹದಿನಾರು ಹದಿನೇಳರ ಸುಮಾರಿನ ಬುಧವಾರ, ಗುರುವಾರ ಒಳ್ಳೇದು. ಎರಡೂ ರಾಜ್ಯದ ರಜೆಪಟ್ಟಿ ನೋಡಲೇಬೇಕು, ಅಂಚೆ ರಜೆ ಎಲ್ಲ ರಾಜ್ಯದಲ್ಲೂ ಒಂದೇ ಅಲ್ಲ. ಹಿಮಾಚಲದವರಿಗೆ ಏಪ್ರಿಲ್ 15, ಛತ್ತೀಸ್‌ಗಢದವರಿಗೆ ನಮ್ಮ ಹಾಗೇ ನವೆಂಬರ್ 1 ರಾಜ್ಯದ ಹಬ್ಬ, ಆ ಆಸುಪಾಸು ಹೋಗಬೇಡಿ. ಒಂದು ಜೋಡಿ ನನಗೆ ರಜೆಯಿಂದಲೇ ಹಾಳಾಯಿತು. ಒಂದು ಕಡೆ ಬುಧವಾರ ಬಿತ್ತು, ಇನ್ನೊಂದು ಕಡೆ ಬಾಗಿಲೇ ತೆಗೆದಿರಲಿಲ್ಲ. ಗುರುವಾರದ ಠಸ್ಸೆ ಚೆನ್ನಾಗಿಯೇ ಇದೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಕೊನೆಯದು ಫೋನು. ಎರಡು ದಿನ ಮುಂಚೆ, ಹನ್ನೊಂದೂವರೆಗೆ. ಪೋಸ್ಟ್‌ಮಾಸ್ಟರ್ ಫೋನು ಎತ್ತಿದಾಗ ಮೊದಲ ವಾಕ್ಯ ಏನು ಹೇಳುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ. ಅದಕ್ಕೆ ಇಷ್ಟು ದುಡ್ಡು ಕೊಟ್ಟಿದ್ದೇನೆ. ಆದರೆ ಬಿಲಾಸ್‌ಪುರದ ಗುಟ್ಟು ಹೇಳುತ್ತೇನೆ. ಹಿಮಾಚಲದ ಹಳೇ ಬಿಲಾಸ್‌ಪುರ ಈಗ ನೀರಿನಡಿ ಇದೆ. 1963ರಲ್ಲಿ ನೆಹರು ನಾಡಿಗೆ ಒಪ್ಪಿಸಿದ ಭಾಕ್ರಾ ಅಣೆಕಟ್ಟಿನ ಹಿನ್ನೀರು, ಗೋವಿಂದ ಸಾಗರ, ಇಡೀ ಊರನ್ನು ನುಂಗಿತು. ಈಗಿರುವುದು ಮೇಲೆ ಕಟ್ಟಿದ ಹೊಸ ಊರು. ಬೇಸಿಗೆಯಲ್ಲಿ ನೀರಿಳಿದರೆ ಹಳೇ ದೇವಸ್ಥಾನಗಳ ಗೋಪುರ ಕಾಣುತ್ತವೆ. ಓದಿದ ಕೂಡಲೇ ನಮ್ಮ ಕನ್ನಂಬಾಡಿ ನೆನಪಾಯಿತು. 1911ರಲ್ಲಿ ಕೆಆರ್‌ಎಸ್ ಕೆಲಸ ಶುರುವಾಗಿ ಮುಳುಗಿದ ಊರು, ಬರಗಾಲದಲ್ಲಿ ನೀರು ಇಳಿದಾಗ ತಲೆ ಎತ್ತುತ್ತಿದ್ದ ವೇಣುಗೋಪಾಲಸ್ವಾಮಿ ಗುಡಿ, ಈಗ ಹೊಸ ಕನ್ನಂಬಾಡಿಗೆ ತಂದು ಕಟ್ಟಿರುವುದು. ಹಿಮಾಚಲಕ್ಕೆ ಕಳಿಸುವ ಪತ್ರದ ಜೊತೆ ಆ ಗುಡಿಯ ಒಂದು ಫೋಟೋ ಹಾಕಿ, ನಮ್ಮೂರ ಕಥೆಯೂ ಇದೇ ಅಂತ ಎರಡು ಸಾಲು ಬರೆದೆ. ಠಸ್ಸೆ ಸರಿಯಾದ ದಿನ ಬಿತ್ತು. ಜೊತೆಗೆ ನಾನು ಕೇಳದ ಮೂರನೇ ಕಾರ್ಡು ಬಂತು, ಆ ಕಡೆಯವರದ್ದೇ ಕಾರ್ಡು, ಅವರದ್ದೇ ಸ್ಟಾಂಪು. ಛತ್ತೀಸ್‌ಗಢದ ಬಿಲಾಸ್‌ಪುರ ಹೈಕೋರ್ಟು, ಆಗ್ನೇಯ ಮಧ್ಯ ರೈಲ್ವೆಯ ಮುಖ್ಯ ಕಚೇರಿ ಎಲ್ಲ ಇರುವ ದೊಡ್ಡ ಊರು. ಅಲ್ಲಿ ಇಂಥ ಕಥೆ ನಡೆಯಲ್ಲ. ಅಲ್ಲಿಗೆ ಫೋನೇ ಸಾಕಾಯಿತು.

ಆಮೇಲೆ ಹಮೀರ್‌ಪುರ ಎರಡನೇ ಸಲಕ್ಕೇ ಬಂತು. ಸಾಗರ ಸಲೀಸು. ಶಿವಮೊಗ್ಗ ಜಿಲ್ಲೆಯ ನಮ್ಮ ಸಾಗರಕ್ಕೆ ಕನ್ನಡದಲ್ಲಿ ಬರೆದೆ, ಮಧ್ಯಪ್ರದೇಶದ ಸಾಗರಕ್ಕೆ ಹಿಂದಿಯಲ್ಲಿ. ಅದು 1946ರಿಂದ ವಿಶ್ವವಿದ್ಯಾಲಯ ಇರುವ ಊರು, ಕಾಗದ ಪತ್ರ ಅವರಿಗೆ ಹೊಸದಲ್ಲ. ಶ್ರೀನಗರಕ್ಕೆ ಜಾಸ್ತಿ ದಿನ ಹಿಡಿಯಿತು. ಕಾಶ್ಮೀರದ್ದು ಎಲ್ಲರಿಗೂ ಗೊತ್ತು, ಅಲಕನಂದಾ ದಡದ ಗಢವಾಲದ ಶ್ರೀನಗರ ನಮ್ಮವರಲ್ಲಿ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಪಿನ್ 246174 ಬರೆದರೂ ಮಧ್ಯದಲ್ಲಿ ಯಾರೋ ಹೆಸರು ಮಾತ್ರ ಓದುತ್ತಾರೆ. ಈಗ ಪಿನ್ನನ್ನು ಊರ ಹೆಸರಿಗಿಂತ ಮೊದಲೇ, ಮೇಲಿನ ಸಾಲಿನಲ್ಲೇ ಬರೆಯುತ್ತೇನೆ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ರಾಜ್ಯವೂ ಇಲ್ಲ, ಪಿನ್ನೂ ಇಲ್ಲ, ಬರೀ "ಪೋಸ್ಟ್‌ಮಾಸ್ಟರ್, ಪ್ರತಾಪ್‌ಗಢ" ಅಂತ ವಾಪಸ್ ಕಾರ್ಡಿನ ಸಮೇತ ಕೆಲವು ಕಳಿಸಿದೆ. ವಾಪಸ್ ಬಂದದ್ದೆಲ್ಲ ಉತ್ತರ ಪ್ರದೇಶದಿಂದ. ಬರೀ ಔರಂಗಾಬಾದ್ ಅಂತ ಬರೆದದ್ದು ಹೆಚ್ಚಿನವು ಮಹಾರಾಷ್ಟ್ರಕ್ಕೆ ಹೋದವು, ಒಂದು ಮಾತ್ರ ಬಿಹಾರಕ್ಕೆ. ಮನೆ ಹತ್ತಿರದ್ದೂ ನೋಡೋಣ ಅಂತ ಮೈಸೂರಿನಿಂದ "ಮದ್ದೂರು, ಕರ್ನಾಟಕ" ಅಂತ ಹಾಕಿದೆ. ಬಂಡೀಪುರದ ಕಾಡಂಚಿನಲ್ಲಿ, ಕೇರಳದ ದಾರಿಯಲ್ಲಿ, ಗುಂಡ್ಲುಪೇಟೆ ತಾಲೂಕಿನ ಮದ್ದೂರಿದೆಯಲ್ಲ, ಅಲ್ಲಿಗೆ ಒಂದೂ ಹೋಗಲಿಲ್ಲ. ಎಲ್ಲ ನಮ್ಮ ವಡೆ ಮದ್ದೂರಿಗೇ. ಒಂದೇ ಕಾರ್ಡಿನ ಮೇಲೆ ಎರಡೂ ಊರಿನ ಠಸ್ಸೆ ತರಿಸುವ ಆಸೆಯೂ ಇತ್ತು. ಸಾದಾ ಕಾರ್ಡಿಗೆ ಬಟವಾಡೆ ಠಸ್ಸೆ, ಅಂದರೆ ತಲುಪಿದ ಊರಿನದ್ದು, ಒತ್ತುವವರು ಈಗ ಅಪರೂಪ, ಹಾಗಾಗಿ ನಿಲ್ಲಿಸಿದೆ.

ಹೆಸರು ಬದಲಾಗುವುದೇ ನಮಗೆ ದೊಡ್ಡ ಕಾಟ. ಛತ್ತೀಸ್‌ಗಢದ ಬಿಜಾಪುರ 2007ರಲ್ಲಿ ಜಿಲ್ಲೆಯಾಯಿತು. ನಮ್ಮ ಬಿಜಾಪುರ 2014ರ ನವೆಂಬರ್ 1ಕ್ಕೆ ವಿಜಯಪುರ ಆಯಿತು, ಮೈಸೂರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಾದ ದಿನವೇ. ಎರಡೂ ಬಿಜಾಪುರ ಜಿಲ್ಲೆಗಳು ಜೊತೆಗಿದ್ದದ್ದು ಏಳು ವರ್ಷ ಅಷ್ಟೇ. ಆ ಏಳು ವರ್ಷದ ಕವರುಗಳಿಗಾಗಿ ರದ್ದಿ ಅಂಗಡಿಗಳಲ್ಲಿ ಕಿಲೋ ಲೆಕ್ಕದಲ್ಲಿ ಹಳೇ ಆಫೀಸು ಕವರು ಕೊಂಡಿದ್ದೇನೆ. ನಮ್ಮದು ಬೇಕಾದಷ್ಟು ಸಿಕ್ಕಿವೆ. ಛತ್ತೀಸ್‌ಗಢದ್ದು ಒಂದು ಸಿಕ್ಕಿದೆ, ಅದರ ತಾರೀಖಿಗೆ ಹೊಂದುವ ನಮ್ಮದು ಇನ್ನೂ ಸಿಕ್ಕಿಲ್ಲ. ಮಹಾರಾಷ್ಟ್ರದ ಔರಂಗಾಬಾದ್ 2023ರಲ್ಲಿ ಛತ್ರಪತಿ ಸಂಭಾಜಿನಗರ ಆಯಿತು. ಆ ಜೋಡಿ ಬೇಕಿದ್ದವರು ಇನ್ನು ಹಳೇ ಕವರನ್ನೇ ಹುಡುಕಬೇಕು.

ಗಡಿಯಾಚೆಯದ್ದು ಬೇರೆಯದೇ ಆಟ. ನಮ್ಮ ಸ್ಟಾಂಪು ಅಲ್ಲಿ ನಡೆಯಲ್ಲವಾದ್ದರಿಂದ ವಾಪಸ್ ಕವರಿನ ಉಪಾಯವೇ ಬಿದ್ದುಹೋಗುತ್ತದೆ. ಬಿಹಾರದ ಜಮಾಲ್‌ಪುರ 1862ರ ರೈಲ್ವೆ ವರ್ಕ್‌ಶಾಪಿನ ಊರು, ಬಾಂಗ್ಲಾದೇಶದಲ್ಲಿ ಜಮಾಲ್‌ಪುರ ಅಂತ ಜಿಲ್ಲೆಯೇ ಇದೆ. ಗೋಪಾಲ್‌ಗಂಜ್ ಕೂಡ ಎರಡೂ ಕಡೆ ಜಿಲ್ಲೆ. ಢಾಕಾದ ಸಂಗ್ರಾಹಕರೊಬ್ಬರಿಗೆ ದಸರಾ ವಿಶೇಷ ಕವರುಗಳನ್ನು ಕೊಟ್ಟು ಆ ಕಡೆಯ ಜಮಾಲ್‌ಪುರ ತರಿಸಿಕೊಂಡೆ. ಒಂದೇ ತಾರೀಖು ಅಲ್ಲ, ಒಂದೇ ತಿಂಗಳು. ಗುಂಪಿನವರು ಇದನ್ನು ಜೋಡಿ ಅಂತ ಒಪ್ಪಲ್ಲ, ನಾನೂ ಜೋರು ಮಾಡಲ್ಲ. ಎರಡು ಹೈದರಾಬಾದ್ ಮಾಡಬೇಕು ಅಂತ ಎಲ್ಲರಿಗೂ ಆಸೆ, ಸಿಂಧೂ ನದಿ ದಂಡೆಯದ್ದು ಮತ್ತು ನಮ್ಮ ತೆಲಂಗಾಣದ್ದು. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದಿಂದ ಬರುವ ಅಂಚೆಯನ್ನೇ ಸರ್ಕಾರ ನಿಲ್ಲಿಸಿತು. ಅದಕ್ಕೆ ನನ್ನ ವಿಧಾನದಲ್ಲಿ ಔಷಧಿ ಇಲ್ಲ.

ಬಿಲಾಸ್‌ಪುರದ ಜೋಡಿಗೆ ಬೆಂಗಳೂರಿನವರೊಬ್ಬರು ಎರಡೂವರೆ ಸಾವಿರದವರೆಗೆ ಕೇಳಿದರು. ಕೊಡಲ್ಲ. ಹಮೀರ್‌ಪುರದ್ದು ಒಂದು ಜೋಡಿ ಹೆಚ್ಚಿಗೆ ಇದೆ, ಅದನ್ನು ಬೇಕಾದರೆ ಕೊಡುತ್ತೇನೆ, ದುಡ್ಡಿಗಲ್ಲ. 2007ರಿಂದ 2014ರ ನಡುವಿನ ಛತ್ತೀಸ್‌ಗಢದ ಬಿಜಾಪುರದ ಕವರು, ಪಿನ್ 494444 ಓದುವ ಹಾಗಿರಬೇಕು, ಯಾರ ಹತ್ತಿರವಾದರೂ ಇದ್ದರೆ ಭಾನುವಾರ ಬೆಳಿಗ್ಗೆ ತನ್ನಿ. ಹಮೀರ್‌ಪುರದ ಜೊತೆ ಕಾರ್ಡಿನ ಅಡಿಗಿಡುವ ಆ ವಸ್ತುವನ್ನೂ ತೋರಿಸುತ್ತೇನೆ.