ಇಷ್ಟದ ಅನಿಮೆಯ ಕೊನೆ ಹಿಡಿಸದಿದ್ದಾಗ ಏನು ಮಾಡಬೇಕು

ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ‘ಅಟ್ಯಾಕ್ ಆನ್ ಟೈಟನ್’ ಮತ್ತು ‘ನಿಯಾನ್ ಜೆನೆಸಿಸ್ ಇವ್ಯಾಂಜೆಲಿಯನ್’ ಅನ್ನುವ ಎರಡು ಅನಿಮೆಗಳ, ಅಂದರೆ ಜಪಾನೀ ಆನಿಮೇಷನ್ ಸರಣಿಗಳ, ಕೊನೆಯೂ ಗೊತ್ತಾಗಿಬಿಡುತ್ತದೆ. ನೋಡಿಲ್ಲದವರು ನೋಡಿಕೊಂಡು ಬನ್ನಿ, ಇದು ಎಲ್ಲಿಗೂ ಹೋಗಲ್ಲ.

2021ರ ಏಪ್ರಿಲ್ 9ರಂದು ‘ಅಟ್ಯಾಕ್ ಆನ್ ಟೈಟನ್’ ಅನಿಮೆಗೆ ಮೂಲವಾದ ಮಾಂಗಾದ, ಅಂದರೆ ಜಪಾನೀ ಚಿತ್ರಕಥೆಯ, 139ನೇ ಅಧ್ಯಾಯ ಬಂತು. ಅದೇ ಕೊನೆಯದು. ಹಜಿಮೆ ಇಸಾಯಾಮಾ 2009ರಲ್ಲಿ ಶುರು ಮಾಡಿದ ಕಥೆ. ನಾನು ಆರು ವರ್ಷ ತಿಂಗಳು ತಿಂಗಳೂ ಕಾದು ಓದಿದ್ದೆ. ಓದಿ ಮುಗಿಸಿ ಹತ್ತು ನಿಮಿಷವೂ ಆಗಿರಲಿಲ್ಲ, ಗೆಳತಿಗೆ ಉದ್ದನೆಯ ಮೆಸೇಜ್ ಕಳಿಸಿದೆ. ಕಥೆ ಹಾಳಾಯಿತು, ಇದನ್ನು ಮೆಚ್ಚುವವರಿಗೆ ಕಥೆಯೇ ಅರ್ಥ ಆಗಿಲ್ಲ, ಹೀಗೆ. ಅವಳಿಂದ ಒಂದೇ ಸಾಲು ಬಂತು: ‘ನಾನು ಓದಿ ಅತ್ತೆ. ಯಾಕೆ ಅಂತ ನಿನಗೆ ಹೇಳೋಕೆ ಈಗ ಮನಸ್ಸಿಲ್ಲ.’ ಎರಡು ವಾರ ನಮ್ಮಿಬ್ಬರ ನಡುವೆ ಮಾತಿಲ್ಲ. ಕೆಳಗೆ ಬರೆದಿರುವುದು ಆಮೇಲೆ ನಾನು ರೂಢಿ ಮಾಡಿಕೊಂಡ ಕ್ರಮ.

ಕೆಲಸ ಶುರುವಾಗುವುದು ಕೊನೆಯ ಎಪಿಸೋಡ್ ನೋಡುವ ಮೊದಲು. ಒಂದು ನೋಟ್‌ಬುಕ್ಕಿನಲ್ಲಿ ಮೂರು ವಿಷಯ ಬರೆಯಿರಿ. ಕಥೆ ಉತ್ತರ ಕೊಡಲೇಬೇಕಾದ ಪ್ರಶ್ನೆ ಯಾವುದು? ನನಗೆ ಏನಾಗಬೇಕು ಅಂತ ಆಸೆ? ಏನಾಗಿಬಿಟ್ಟರೆ ಅಂತ ಭಯ? ಇವು ಮೂರೂ ನಮ್ಮ ತಲೆಯಲ್ಲಿ ಒಂದರೊಳಗೊಂದು ಸೇರಿಕೊಂಡಿರುತ್ತವೆ. ಬರೆದರೆ ಮಾತ್ರ ಬೇರೆಯಾಗುತ್ತವೆ. ನೋಡಿದ ಮೇಲೆ ಬರೆದರೆ ಉಪಯೋಗವಿಲ್ಲ, ಯಾಕೆಂದರೆ ‘ನಾನು ಮೊದಲೇ ಅಂದುಕೊಂಡಿದ್ದೆ’ ಅಂತ ಮನಸ್ಸು ನೆನಪನ್ನೇ ತಿದ್ದಿಬಿಡುತ್ತದೆ.

ನೋಡಿದ ಮೇಲೆ ಒಂದು ರಾತ್ರಿ ಯಾರಿಗೂ ಏನೂ ಹೇಳಬೇಡಿ. ಕೋಪ ಬಂದರೆ ಬರಲಿ. ವರ್ಷಗಟ್ಟಲೆ ಜೊತೆಗಿದ್ದ ಪಾತ್ರಗಳು ನಾಳೆಯಿಂದ ಇರಲ್ಲ ಅನ್ನುವ ಸಂಕಟವೂ ಆ ಕೋಪದಲ್ಲಿ ಸೇರಿರುತ್ತದೆ. ಎಷ್ಟು ಒಳ್ಳೆಯ ಕೊನೆಯಾದರೂ ಆ ಸಂಕಟ ತಪ್ಪಲ್ಲ, ಅಲ್ವಾ?

ಮರುದಿನ ನೋಟ್‌ಬುಕ್ ತೆಗೆಯಿರಿ. ನಿಮ್ಮ ದೂರುಗಳನ್ನು ಒಂದೊಂದಾಗಿ ಆ ಮೂರರ ಪಕ್ಕ ಇಟ್ಟು ನೋಡಿ. ಇದನ್ನು ನಾನು ಮೊದಲು ಮಾಡಿದ್ದು ‘ಇವ್ಯಾಂಜೆಲಿಯನ್’ ಮೇಲೆ. ಕೊನೆಯ ಬಗ್ಗೆ ಅಭಿಮಾನಿಗಳು ಜಗಳ ಆಡಿದ ಅನಿಮೆಗಳಲ್ಲಿ ಇದು ತುಂಬಾ ಹಳೆಯದು, ಜಗಳ ಇವತ್ತಿಗೂ ಮುಗಿದಿಲ್ಲ. 1995ರ ಅಕ್ಟೋಬರಿನಲ್ಲಿ ಟಿವಿ ಟೋಕಿಯೋದಲ್ಲಿ ಶುರುವಾಗಿ 1996ರ ಮಾರ್ಚ್ 27ಕ್ಕೆ 26 ಎಪಿಸೋಡಿಗೆ ಮುಗಿಯಿತು. 24ನೇ ಎಪಿಸೋಡಿನವರೆಗೆ ರೋಬೋಟ್‌ಗಳ ದೊಡ್ಡ ಯುದ್ಧವೊಂದು ಬರುತ್ತದೆ ಅಂತ ಕಥೆ ನಮ್ಮನ್ನು ತುದಿಗಾಲಲ್ಲಿ ನಿಲ್ಲಿಸುತ್ತದೆ. 25, 26ರಲ್ಲಿ ಯುದ್ಧವೇ ಇಲ್ಲ. ಕಥೆಯ ನಾಯಕ ಶಿಂಜಿ ಕತ್ತಲಲ್ಲಿ ಒಂದು ಕುರ್ಚಿ ಮೇಲೆ ಕೂತಿರುತ್ತಾನೆ, ಮೇಲಿಂದ ಬೆಳಕು. ಒಬ್ಬೊಬ್ಬರೂ ಅವನನ್ನು ಪ್ರಶ್ನೆ ಕೇಳುತ್ತಾರೆ. ಚಿತ್ರ ಕೆಲವು ಕಡೆ ಬರೀ ಗೆರೆಗಳಾಗುತ್ತದೆ, ಕೆಲವು ಕಡೆ ಫೋಟೋಗಳು ಬರುತ್ತವೆ. ಮಧ್ಯದಲ್ಲಿ ಇದ್ದಕ್ಕಿದ್ದಂತೆ ಮಾಮೂಲಿ ಶಾಲೆಯ ಕಥೆಯೊಂದು, ಅದರಲ್ಲಿ ಶಿಂಜಿ ಜೊತೆ ಹೋರಾಡುವ ಹುಡುಗಿ ರೇ ಬಾಯಲ್ಲಿ ಬ್ರೆಡ್ ಕಚ್ಚಿಕೊಂಡು ಓಡಿಬರುತ್ತಾಳೆ. ಕೊನೆಗೆ ಎಲ್ಲರೂ ಶಿಂಜಿಯ ಸುತ್ತ ನಿಂತು ಚಪ್ಪಾಳೆ ತಟ್ಟಿ ‘ಒಮೆದೆತೊ’, ಅಂದರೆ ಅಭಿನಂದನೆ, ಅನ್ನುತ್ತಾರೆ. ಅವನು ನಕ್ಕು ಥ್ಯಾಂಕ್ಸ್ ಹೇಳುತ್ತಾನೆ. ಅಷ್ಟೇ.

ನನ್ನ ಪಟ್ಟಿಯಲ್ಲಿ ನಾಲ್ಕು ದೂರು ಇದ್ದವು. ಯುದ್ಧ ತೋರಿಸಲಿಲ್ಲ ಅನ್ನುವುದು ನ್ಯಾಯವಾದ ದೂರು, ಕಥೆಯೇ ಅದನ್ನು ಹುಟ್ಟಿಸಿ ಕೈಬಿಟ್ಟಿತು. ಚಿತ್ರಗಳು ಅರೆಬರೆ ಅನ್ನುವುದು ಕೆಲಸದ ಬಗೆಗಿನ ದೂರು, ಅದೂ ಸರಿ. ಅವರ ಜೊತೆಯ ಇನ್ನೊಬ್ಬ ಹುಡುಗಿ ಅಸುಕಾಗೆ ಒಳ್ಳೆಯದಾಗಲಿಲ್ಲ ಅನ್ನುವುದು ಬರೀ ನನ್ನ ಆಸೆ. ನಾಲ್ಕನೆಯದು, ‘ಶಿಂಜಿ ಏನೂ ಬದಲಾಗಲಿಲ್ಲ’ ಅಂತ ಬರೆದಿದ್ದೆ. ಇನ್ನೊಮ್ಮೆ ನೋಡಿದಾಗ ಅದು ತಪ್ಪು ಅಂತ ಗೊತ್ತಾಯಿತು. ‘ನಾನು ಇಲ್ಲಿ ಇರಬಹುದು’ ಅಂತ ಆ ಹುಡುಗ ಮೊದಲ ಸಲ ಒಪ್ಪಿಕೊಳ್ಳುವುದೇ ಆ ಚಪ್ಪಾಳೆಗೆ ಮುಂಚೆ. ನಾನು ರೋಬೋಟ್‌ಗಳಿಗಾಗಿ ಕಾಯುತ್ತಾ ಕೂತು ಆ ಮಾತನ್ನೇ ಕೇಳಿಸಿಕೊಂಡಿರಲಿಲ್ಲ.

ಆಮೇಲೆ, ಈ ಕೊನೆ ಯಾರದ್ದು, ಹೇಗೆ ತಯಾರಾಯಿತು ಅಂತ ನೋಡಿ. 2003ರ ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ಅನಿಮೆ ಬಂದಾಗ ಹಿರೋಮು ಅರಕಾವಾ ಅವರ ಮಾಂಗಾ ಇನ್ನೂ ಮುಗಿದಿರಲಿಲ್ಲ. ಹಾಗಾಗಿ ಅನಿಮೆಯವರು ತಮ್ಮದೇ ಕೊನೆ ಕಟ್ಟಿದರು. ಮಾಂಗಾದ ಕೊನೆ ಬೇಕಾದವರು 2009ರ ಇನ್ನೊಂದು ಅನಿಮೆ ‘ಬ್ರದರ್‌ಹುಡ್’ ನೋಡಬೇಕು. ‘ದಿ ಪ್ರಾಮಿಸ್ಡ್ ನೆವರ್‌ಲ್ಯಾಂಡ್’ ಕಥೆಯೇ ಬೇರೆ. ಅದರ ಮಾಂಗಾದಲ್ಲಿ 181 ಅಧ್ಯಾಯ. ಮೊದಲ ಸೀಸನ್ 12 ಎಪಿಸೋಡಿನಲ್ಲಿ 37 ಅಧ್ಯಾಯ ಹೇಳಿತು. 2021ರ ಎರಡನೇ ಸೀಸನ್ 11 ಎಪಿಸೋಡಿನಲ್ಲಿ ಎಲ್ಲವನ್ನೂ ಮುಗಿಸಿತು! ಓದುಗರಿಗೆ ಪ್ರಾಣವಾಗಿದ್ದ ಗೋಲ್ಡಿ ಪಾಂಡ್ ಭಾಗವೇ ಇಲ್ಲ. ಇಲ್ಲಿ ಅಭಿಮಾನಿಗಳ ಕೋಪ ನೂರಕ್ಕೆ ನೂರು ಸರಿ ಅಂತ ನನ್ನ ಅಭಿಪ್ರಾಯ. ಆದರೆ ಆ ಕೋಪ ಕಥೆಯ ಮೇಲೆ ಅಲ್ಲ, ಕಥೆಯನ್ನು ಹಿಂಡಿದ ರೀತಿಯ ಮೇಲೆ. ಮಾತಾಡುವಾಗ ಈ ವ್ಯತ್ಯಾಸ ಹೇಳಿ.

ಒಂದು ಮಾತಿನ ಮೇಲೆ ಕೋಪವಿದ್ದರೆ ಆ ಮಾತಿಗೇ ವಾಪಸ್ ಹೋಗಿ. ‘ಟೈಟನ್’ ಮಾಂಗಾದ ಕೊನೆಯಲ್ಲಿ ಕಥಾನಾಯಕ ಎರೆನ್ ಜಗತ್ತಿನ ನೂರಕ್ಕೆ ಎಂಬತ್ತು ಜನರನ್ನು ಕೊಂದಿದ್ದಾನೆ. ಗೆಳೆಯ ಆರ್ಮಿನ್ ಅವನಿಗೆ, ನಮಗೋಸ್ಕರ ನೀನು ಕೊಲೆಗಾರನಾದೆ ಅಂತ ಥ್ಯಾಂಕ್ಸ್ ಹೇಳುತ್ತಾನೆ. ನನ್ನ ಆ ಉದ್ದ ಮೆಸೇಜಿನ ಅರ್ಧ ಇದರ ಬಗ್ಗೆಯೇ ಇತ್ತು. ಸುಮ್ನೆ ಒಪ್ಪಿಕೊಳ್ಳುವ ಮಾತಲ್ಲ ಅದು, ಈಗಲೂ ಹಾಗೇ ಅನ್ನುತ್ತೇನೆ. 2023ರ ನವೆಂಬರಿನಲ್ಲಿ ಅನಿಮೆಯ ಕೊನೆ ಬಂದಾಗ ಆ ಸಂಭಾಷಣೆ ಬದಲಾಗಿತ್ತು. ಹೊರಗಿನ ಲೋಕದ ಪುಸ್ತಕ ತೋರಿಸಿ ನಿನ್ನಲ್ಲಿ ಆ ಕನಸು ಹುಟ್ಟಿಸಿದ್ದು ನಾನು, ಪಾಪದಲ್ಲಿ ನನಗೂ ಪಾಲಿದೆ, ನರಕದಲ್ಲಿ ಇಬ್ಬರೂ ಜೊತೆಗಿರೋಣ ಅನ್ನುತ್ತಾನೆ ಆರ್ಮಿನ್. ಎರೆನ್ ಮಾಡಿದ್ದನ್ನು ಇದು ತೊಳೆಯುವುದಿಲ್ಲ, ಆದರೆ ಗೆಳೆಯನ ಬಾಯಲ್ಲಿ ಬರಬಹುದಾದ ಮಾತು. ಒಂದು ಮಾತು ಎರಡೂವರೆ ವರ್ಷದಲ್ಲಿ ಹೀಗೆ ಮಾಗಿದ್ದು ನೋಡಿ ನನಗೆ ಗಂಟಲು ಕಟ್ಟಿತು.

ಈಗ, ಇನ್ನೊಬ್ಬರಿಗೆ ಹೇಳುವುದು ಹೇಗೆ. ಮೊದಲು ಅವರಿಗೆ ಹೇಗನ್ನಿಸಿತು ಅಂತ ಕೇಳಿ, ಪೂರ್ತಿ ಕೇಳಿ. ‘ಕಚಡಾ ಕೊನೆ’ ಅನ್ನುವ ಬದಲು ದೃಶ್ಯ ಹೆಸರಿಸಿ: ಎರೆನ್ ಬಾಲ್ಯದ ಗೆಳತಿ ಮಿಕಾಸಾಳನ್ನು ನೆನೆದು ಅಳುವ ಜಾಗ ನನಗೆ ಅವನ ಸ್ವಭಾವಕ್ಕೆ ಒಗ್ಗಲಿಲ್ಲ, ನಿನಗೆ? ಹೀಗೆ ಕೇಳಿದರೆ ಮಾತು ಮುಂದುವರಿಯುತ್ತದೆ. ಮಾಂಗಾ ಓದಿದವರು ಅನಿಮೆ ಮಾತ್ರ ನೋಡುವವರ ಮುಂದೆ ಬಾಯಿ ಬಿಗಿಹಿಡಿಯಬೇಕು. ‘ಕೊನೆ ನೋಡು, ಆಮೇಲೆ ಗೊತ್ತಾಗುತ್ತೆ’ ಅನ್ನುವುದೂ ಸ್ಪಾಯ್ಲರೇ.

ಒಂದು ಗೆರೆ ಮಾತ್ರ ಯಾವತ್ತೂ ದಾಟಬೇಡಿ. ದೂರು ಕಥೆಯ ಮೇಲಿರಲಿ, ಬರೆದವರ ಮೇಲೆ, ಚಿತ್ರ ಬಿಡಿಸಿದವರ ಮೇಲೆ ಬೇಡ. 1997ರ ಜುಲೈನಲ್ಲಿ ‘ಇವ್ಯಾಂಜೆಲಿಯನ್’ ನಿರ್ದೇಶಕ ಹಿದೆಯಾಕಿ ಆನ್ನೊ ‘ದಿ ಎಂಡ್ ಆಫ್ ಇವ್ಯಾಂಜೆಲಿಯನ್’ ಸಿನಿಮಾದಲ್ಲಿ ಇನ್ನೊಂದು ಕೊನೆ ತೋರಿಸಿದರು. ಅದರೊಳಗೆ ಅಭಿಮಾನಿಗಳಿಂದ ಬಂದ ಸಂದೇಶಗಳು ಕ್ಷಣ ಮಾತ್ರ ತೆರೆ ಮೇಲೆ ಹಾದುಹೋಗುತ್ತವೆ, ಬೈಗುಳವೂ ಸೇರಿ. ನಾನು ಅಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ. ಯಾರೋ ಹತ್ತು ನಿಮಿಷದ ಸಿಟ್ಟಿನಲ್ಲಿ ಬರೆದದ್ದು ಅಲ್ಲೇ ಉಳಿದುಬಿಟ್ಟಿದೆ. ಇಸಾಯಾಮಾ ಅವರು 2022ರ ನವೆಂಬರಿನಲ್ಲಿ ನ್ಯೂಯಾರ್ಕಿನ ಅನಿಮೆ ಸಮಾವೇಶದಲ್ಲಿ ಕೊನೆಯ ಬಗ್ಗೆ ತಮಗಿನ್ನೂ ಅಳುಕಿದೆ ಅಂತ ಹೇಳುತ್ತಾ ಭಾವುಕರಾದರು. ಜನ ಚಪ್ಪಾಳೆ ತಟ್ಟಿದರು. ನನ್ನ ಮೆಸೇಜಿನಲ್ಲಿ ಅವರ ಬಗ್ಗೆ ಏನು ಬರೆದಿದ್ದೆ ಅಂತ ನೆನಪಾಗಿ, ಆವತ್ತೇ ಹುಡುಕಿ ಅಳಿಸಿದೆ.

ಕೊನೆಯದಾಗಿ, ಆರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡಿ. ಕೊನೆಯ ಎಪಿಸೋಡ್ ಮಾತ್ರ ಅಲ್ಲ, ಮೊದಲನೆಯದನ್ನೂ. ‘ಟೈಟನ್’ ಮೊದಲ ಎಪಿಸೋಡಿನಲ್ಲಿ ಎರೆನ್ ಮರದ ಕೆಳಗೆ ಅಳುತ್ತಾ ಎದ್ದೇಳುತ್ತಾನೆ. ಯಾಕೆ ಅಳು ಅಂತ ಅವನಿಗೇ ಗೊತ್ತಿಲ್ಲ. ಕೊನೆಯಲ್ಲಿ ಮಿಕಾಸಾ ಅವನನ್ನು ಹೂಳುವುದು ಆ ಮರದ ಕೆಳಗೇ.

ಅನಿಮೆಯ ಕೊನೆಯನ್ನು ನಾನೂ ಗೆಳತಿಯೂ ಒಟ್ಟಿಗೆ ನೋಡಿದೆವು. ನೋಟ್‌ಬುಕ್ಕಿನ ಪುಟ ಅವಳಿಗೆ ಕೊಟ್ಟು, ‘2021ರಲ್ಲಿ ಯಾಕೆ ಅತ್ತೆ, ಈಗ ಹೇಳ್ತೀಯಾ?’ ಅಂತ ಕೇಳಿದೆ. ಬೆಳಗಿನ ಜಾವದವರೆಗೆ ಹೇಳಿದಳು. ಮಿಕಾಸಾಳ ಶಾಲಿನ ಬಗ್ಗೆಯೇ ಒಂದು ಗಂಟೆ. ನಾನು ಕೇಳಿಸಿಕೊಂಡೆ. ಆರ್ಮಿನ್‌ನ ಹಳೆಯ ಮಾತನ್ನು ಮಾತ್ರ ಇಬ್ಬರೂ ಇವತ್ತಿಗೂ ಬೇರೆ ಬೇರೆ ರೀತಿ ಓದುತ್ತೇವೆ.